ವಾರ್ಡಿಗೆ ಬಾರದ ಸುದ್ದಿ

ಮಳೆ ಹಿಂದೆ ಸರಿಯುತ್ತಿದ್ದಂತೆ ಮಲೆನಾಡಿನ ಗ್ರಾಮ ಪಂಚಾಯಿತಿ ಸದಸ್ಯರ ಬಾಯಲ್ಲಿ ಕೇಳಿಬರುವ ಸುದ್ದಿಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಕೊಚ್ಚಿಹೋದ ಮೋರಿಗೆ ಅಂದಾಜುಪಟ್ಟಿ ಆಗಿದೆ, ಕಾಲುಸಂಕಕ್ಕೆ ಜಿಲ್ಲಾ ಪಂಚಾಯಿತಿಯಿಂದ ಅನುದಾನ ಬರಲಿದೆ, ಆಶ್ರಯ ಮನೆಯ ಪಟ್ಟಿಯಲ್ಲಿ ವಾರ್ಡಿನ ಮೂವರ ಹೆಸರು ಸೇರಿದೆ. ಇವೆಲ್ಲ ಬೇಕಾದ ಸುದ್ದಿಗಳೇ. ಸಂಕವಿಲ್ಲದ ಹಳ್ಳ ದಾಟಿ ಶಾಲೆಗೆ ಹೋಗುವ ಮಕ್ಕಳ ತಾಯಂದಿರಿಗೆ ಮೋರಿಯೂ ಪರಿಸರದ ಪ್ರಶ್ನೆಯೇ. ಆದರೆ ಅದೇ ವಾರ್ಡಿನ ಕಾಡು, ಕಾನು, ಸೊಪ್ಪಿನ ಬೆಟ್ಟ, ಹೊಳೆಯ ಭವಿಷ್ಯವನ್ನು ನಿರ್ಧರಿಸುವ ಸುದ್ದಿ ಮಾತ್ರ ಸದಸ್ಯರ ಮೂಲಕ ಬರುವುದಿಲ್ಲ. ಅದು ಪತ್ರಿಕೆಯ ಮುಖಪುಟದಲ್ಲಿ ಬರುತ್ತದೆ, ಬಂದಾಗ ಭಯವಾಗಿಯೇ ಬರುತ್ತದೆ.

2024ರ ಜುಲೈ 31ರಂದು ಕೇಂದ್ರ ಸರಕಾರ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಮತ್ತೊಮ್ಮೆ ಹೊರಡಿಸಿತು. ಅದರ ಹಿಂದಿನ ದಿನವಷ್ಟೇ ವಯನಾಡಿನಲ್ಲಿ ಗುಡ್ಡ ಜರಿದು ಊರುಗಳೇ ಮಣ್ಣಾಗಿದ್ದವು. ಆಕ್ಷೇಪಣೆಗೆ ಅರವತ್ತು ದಿನಗಳ ಅವಕಾಶವಿತ್ತು. ಆ ಅರವತ್ತು ದಿನಗಳೆಂದರೆ ಮಲೆನಾಡಿನಲ್ಲಿ ನಾಟಿ ಮುಗಿಸುವ, ಅಡಿಕೆಗೆ ಕೊಳೆ ಬರದಂತೆ ಬೋರ್ಡೋ ಮದ್ದು ಹೊಡೆಯಲು ಮಳೆಯ ಬಿಡುವು ಕಾಯುವ ದಿನಗಳು. ಕರಡಿನ ಪಟ್ಟಿಯಲ್ಲಿ ತಮ್ಮ ಊರಿನ ಹೆಸರಿದೆಯೇ, ಇದ್ದರೆ ಯಾವುದಕ್ಕೆ ನಿರ್ಬಂಧ, ಯಾವುದಕ್ಕೆ ಇಲ್ಲ ಎಂಬುದನ್ನು ವಾರ್ಡಿನ ಜನರ ಮುಂದೆ ಓದಿ ಹೇಳಿದ ಸದಸ್ಯರು ಎಷ್ಟು ಮಂದಿ? ಕೃಷಿಯನ್ನೇ ನಿಲ್ಲಿಸುತ್ತಾರೆ, ಮನೆಯಿಂದ ಎಬ್ಬಿಸುತ್ತಾರೆ ಎಂಬ ಮಾತು ಹಬ್ಬಿದಷ್ಟು ವೇಗವಾಗಿ, ಗಣಿ, ಕಲ್ಲುಕೋರೆ, ಮರಳುಗಾರಿಕೆ, ಕೆಂಪು ವರ್ಗದ ಕೈಗಾರಿಕೆಗಳಿಗೆ ತಡೆ ಎಂಬ ವಿವರ ಹಬ್ಬಲಿಲ್ಲ. ಅದೇ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಒಪ್ಪಿಗೆಯೂ ವಿರೋಧವೂ ರಾಜಧಾನಿಗಳಲ್ಲಿಯೇ ನಡೆದುಹೋದವು.

ಈ ಮೌನ ಹೊಸದಲ್ಲ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ತಜ್ಞರ ಸಮಿತಿ 2011ರ ಆಗಸ್ಟಿನಲ್ಲಿ ವರದಿ ಸಲ್ಲಿಸಿತು. ಅದು ಜನರ ಕಣ್ಣಿಗೆ ಬಿದ್ದದ್ದು 2012ರ ಮೇ ತಿಂಗಳಲ್ಲಿ, ಅದೂ ಮಾಹಿತಿ ಹಕ್ಕಿನ ಹೋರಾಟದ ನಂತರ. ಯಾವ ಪ್ರದೇಶಕ್ಕೆ ಎಂಥ ರಕ್ಷಣೆ ಎಂಬುದನ್ನು ಗ್ರಾಮಸಭೆಗಳಿಂದ ಆರಂಭಿಸಿ ಚರ್ಚಿಸಿ ನಿರ್ಧರಿಸಬೇಕೆಂಬುದು ಆ ವರದಿಯ ಜೀವಾಳವಾಗಿತ್ತು. ಗ್ರಾಮಸಭೆಗೆ ಮೊದಲ ಮಾತು ಕೊಟ್ಟ ವರದಿಯೇ ಗ್ರಾಮಸಭೆಗೆ ತಲುಪದೆ ವಿವಾದವಾದದ್ದು ವಿಪರ್ಯಾಸ. ಅದನ್ನು ತಲುಪಿಸದ ಹೊಣೆ ಸರಕಾರಗಳದ್ದು, ನಿಜ. ಆದರೆ ಕೇಳಿ ತರಿಸಿಕೊಳ್ಳದ ಹೊಣೆ ಪಂಚಾಯಿತಿಗಳದ್ದೂ ಹೌದು, ಪಂಚಾಯಿತಿಯನ್ನು ಮೋರಿಯ ಕಚೇರಿಯೆಂದಷ್ಟೇ ಕಂಡ ಪರಿಸರ ಚಳವಳಿಯದ್ದೂ ಹೌದು.

ಕರ್ನಾಟಕದ ಅಧಿಕಾರ ವಿಕೇಂದ್ರೀಕರಣವೂ ಮಲೆನಾಡಿನ ಅಪ್ಪಿಕೋ ಚಳವಳಿಯೂ ಒಂದೇ ವರ್ಷದ ಕೂಸುಗಳು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ಕೊಡಲಿಗೆ ತಡೆಯಾದರು. ಅದೇ 1983ರಲ್ಲಿ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯಿತಿಗಳ ಕಾಯ್ದೆಗೆ ವಿಧಾನಮಂಡಲ ರೂಪ ಕೊಟ್ಟಿತು. ಅಬ್ದುಲ್ ನಜೀರ್ ಸಾಬ್ ಅದರ ಹಿಂದಿನ ಶಕ್ತಿಯಾಗಿದ್ದರು. ಕೊಳವೆಬಾವಿಗಳಿಂದಾಗಿ 'ನೀರ್ ಸಾಬ್' ಎಂದು ಹೆಸರಾದ ಅವರು ನೀರಿನಷ್ಟೇ ಅಧಿಕಾರವೂ ಹಳ್ಳಿಯ ಅಂಗಳಕ್ಕೆ ಬರಬೇಕೆಂದು ನಂಬಿದ್ದರು. ಒಂದು ಚಳವಳಿ ಕಾಡನ್ನು ಊರಿನವರ ಕಣ್ಗಾವಲಿಗೆ ತಂದಿತು, ಒಂದು ಕಾಯ್ದೆ ಆಡಳಿತವನ್ನು ಊರಿಗೆ ತಂದಿತು. ನಾಲ್ಕು ದಶಕ ಕಳೆದರೂ ಈ ಎರಡು ಒಂದೇ ಜಗಲಿಯಲ್ಲಿ ಕೂತು ಮಾತನಾಡಿದ್ದು ಕಡಿಮೆ.

ಸದಸ್ಯನ ಕೈಯಲ್ಲಿ ಏನಿದೆ ಎಂಬ ಪ್ರಶ್ನೆ ಸಹಜ. ಗೌರವಧನ ಅತ್ಯಲ್ಪ, ಅನುದಾನಕ್ಕೆ ಮೇಲಿನವರ ಮುಖ ನೋಡಬೇಕು, ಅರಣ್ಯ ಇಲಾಖೆಯ ಗೇಟಿನ ಒಳಗೆ ಪಂಚಾಯಿತಿಯ ಮಾತು ನಡೆಯದು. ಇವು ಸುಳ್ಳಲ್ಲ. ಆದರೂ ಕಾನೂನು ಆತನನ್ನು ಬರಿಗೈಯಲ್ಲಿ ಬಿಟ್ಟಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ಸುಮಾರು ನಾನೂರು ಜನಸಂಖ್ಯೆಗೆ ಒಬ್ಬ ಸದಸ್ಯನೆಂಬ ಲೆಕ್ಕ ಇಟ್ಟಿದೆ. ಚದುರಿದ ಮನೆಗಳ ಮಲೆನಾಡಿನ ಜಿಲ್ಲೆಗಳಲ್ಲಿ ಚಿಕ್ಕ ಪಂಚಾಯಿತಿಗಳಿಗೂ ಅವಕಾಶ ಕೊಟ್ಟಿದೆ. ಅಂದರೆ ಯಾವ ಮನೆಯ ಹಿತ್ತಲಿನಲ್ಲಿ ಯಾವ ಮರವಿದೆ, ಯಾವ ಅಬ್ಬಿ ಯಾವ ತಿಂಗಳಿಗೆ ಬತ್ತುತ್ತದೆ ಎಂದು ಬಲ್ಲ ಜನಪ್ರತಿನಿಧಿ ಆತನೊಬ್ಬನೇ. ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ಕರೆದು ಅದರ ಅಧ್ಯಕ್ಷತೆ ವಹಿಸುವುದು ಆತನ ಕರ್ತವ್ಯ. 2006ರ ಅರಣ್ಯ ಹಕ್ಕು ಕಾಯ್ದೆ ಹಕ್ಕಿನ ಪರಿಶೀಲನೆಯ ಜತೆಗೆ ಕಾಡು, ಜಲಮೂಲಗಳನ್ನು ಕಾಯುವ ಅಧಿಕಾರವನ್ನೂ ಗ್ರಾಮಸಭೆಗೆ ಕೊಟ್ಟಿತು.

ಎಲ್ಲಕ್ಕಿಂತ ಹೆಚ್ಚಾಗಿ 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಲೇಬೇಕೆಂದಿತು. ವಾಣಿಜ್ಯ ಉದ್ದೇಶಕ್ಕೆ ಜೈವಿಕ ಸಂಪನ್ಮೂಲ ಸಂಗ್ರಹಿಸುವವರ ಮೇಲೆ ಶುಲ್ಕ ವಿಧಿಸುವ ಅಧಿಕಾರವನ್ನೂ ಅದಕ್ಕೆ ಕೊಟ್ಟಿತು. ಉಪ್ಪಾಗೆ, ರಾಮಪತ್ರೆ, ದಾಲ್ಚಿನ್ನಿಗಳು ಲಾರಿಗಟ್ಟಲೆ ಘಟ್ಟ ಇಳಿಯುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಆದರೆ ಕಾಯ್ದೆ ಬಂದು ಹದಿನಾಲ್ಕು ವರ್ಷವಾದ 2016ರಲ್ಲಿಯೂ ದೇಶದಲ್ಲಿದ್ದ ಸಮಿತಿಗಳು ಹತ್ತು ಸಾವಿರಕ್ಕೂ ಕಡಿಮೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ಕೊಟ್ಟು, ತಪ್ಪಿದ ರಾಜ್ಯಗಳಿಗೆ ತಿಂಗಳಿಗೆ ಹತ್ತು ಲಕ್ಷ ರೂಪಾಯಿ ದಂಡವೆಂದಾಗ ಸಮಿತಿಗಳ ಸಂಖ್ಯೆ ಎರಡು ಲಕ್ಷ ನಲವತ್ತು ಸಾವಿರ ದಾಟಿತು. ದಂಡಕ್ಕೆ ಅಂಜಿ ಹುಟ್ಟಿದ ಸಮಿತಿಗಳಲ್ಲಿ ತಾವು ಸದಸ್ಯರೆಂದು ಸದಸ್ಯರಿಗೇ ತಿಳಿಯದಿದ್ದರೆ ಅಚ್ಚರಿಯಿಲ್ಲ. ಜನತಾ ಜೀವವೈವಿಧ್ಯ ದಾಖಲಾತಿಯೂ ಅದೇ ಅವಸರದಲ್ಲಿ ತುಂಬಿದ ನಮೂನೆಯಾಗಿ ಕಪಾಟು ಸೇರಿದರೆ ಅದು ಊರಿನ ದಾಖಲೆ ಎನಿಸಿಕೊಳ್ಳದು. ಹೊಳೆಯಂಚಿನ ಅಪ್ಪೆಮಿಡಿ ಮರಗಳು, ದೇವರಕಾಡಿನ ಗಡಿ, ರಾಮಪತ್ರೆಯ ಜಡ್ಡಿ, ಸಿಂಗಳೀಕ ಹಾಯುವ ಕಾಡಿನ ಓಣಿ, ಹೆರಿಗೆಯಾದವರಿಗೆ ಕೊಡುವ ಸೊಪ್ಪಿನ ಹೆಸರು ಇವನ್ನು ಬರೆಯಬಲ್ಲವರು ಊರಿನವರೇ, ಅದರಲ್ಲೂ ಹೆಂಗಸರು. ಪಂಚಾಯಿತಿಯ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿರುವಾಗ ಈ ಅರಿವು ಪುಸ್ತಕಕ್ಕೆ ಇಳಿಯದಿರಲು ನೆಪವಿಲ್ಲ.

ದಾಖಲೆಯಿಂದ ಏನಾಗುತ್ತದೆ ಎನ್ನುವವರು ಸಾಗರ ತಾಲ್ಲೂಕಿನ ಅಂಬಾರಗುಡ್ಡವನ್ನು ನೆನೆಯಬೇಕು. ಗಣಿಗಾರಿಕೆಯ ವಿರುದ್ಧ ಜನ ಎದ್ದುನಿಂತ ಆ ಗುಡ್ಡ ಇದೇ ಜೀವವೈವಿಧ್ಯ ಕಾಯ್ದೆಯಡಿ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ಘೋಷಣೆ ಮಾಡಿದ್ದು ಸರಕಾರ. ಆ ಗುಡ್ಡಕ್ಕೆ ಬೆಲೆಯಿದೆಯೆಂದು ಮೊದಲು ಹೇಳಿದ್ದು ಊರಿನವರು. ಊರಿನ ಮಾತು ಠರಾವಾಗಿ ಪುಸ್ತಕದಲ್ಲಿದ್ದರೆ ನಾಳೆ ಯೋಜನೆಯ ನಕ್ಷೆ ಹಿಡಿದು ಬರುವವರಿಗೆ ತೋರಿಸಲು ಒಂದು ಹಾಳೆಯಾದರೂ ಇರುತ್ತದೆ. ಹಾಳೆ ಖಾಲಿಯಿದ್ದರೆ ಅಲ್ಲಿ ಏನೂ ಇರಲಿಲ್ಲ ಎಂದು ಬರೆದುಕೊಳ್ಳುವುದು ಸುಲಭ.

ಜಿಲ್ಲೆಯ ಮಟ್ಟದಲ್ಲಿ ಈ ಮಾತಿಗೆ ಇನ್ನೂ ತೂಕವಿದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಅವುಗಳನ್ನು ನಡೆಸಿದರು. ಆ ವರ್ಷಗಳಲ್ಲಿ ಶಾಸಕರ ಕೆಳಗೆ ಚುನಾಯಿತನೆಂದು ಊರಿನ ಪರ ಮಾತನಾಡಬಲ್ಲವನಾಗಿ ಉಳಿದದ್ದು 2020ರ ಡಿಸೆಂಬರಿನಲ್ಲಿ ಗೆದ್ದ ಗ್ರಾಮ ಪಂಚಾಯಿತಿ ಸದಸ್ಯನೊಬ್ಬನೇ. ಜಿಲ್ಲೆಯ ಯೋಜನೆಗಳು ಮೇಲಿನಿಂದ ಇಳಿದು ಬರುವ ಸುದ್ದಿಗಳಾದವೇ ಹೊರತು ಊರಿನಿಂದ ಏರಿ ಹೋದ ಬೇಡಿಕೆಗಳಾಗಲಿಲ್ಲ.

ಆದ್ದರಿಂದ ಮತ ಕೇಳಲು ಬರುವವರಿಗೆ ಮಲೆನಾಡಿನ ಮತದಾರರು ಮೋರಿಯ ಜತೆಗೆ ಇನ್ನೂ ಕೆಲವು ಪ್ರಶ್ನೆ ಕೇಳಬೇಕಾಗಿದೆ. ಪಂಚಾಯಿತಿಯ ಜೀವವೈವಿಧ್ಯ ಸಮಿತಿಯಲ್ಲಿ ಯಾರಿದ್ದಾರೆ? ಅದು ಕೊನೆಯ ಬಾರಿ ಸೇರಿದ್ದು ಯಾವಾಗ? ದಾಖಲಾತಿಯ ಪುಸ್ತಕವನ್ನು ವಾರ್ಡ್ ಸಭೆಯಲ್ಲಿ ಓದಿ ತಿದ್ದಲು ಒಪ್ಪುತ್ತೀರಾ? ಸರಕಾರದಿಂದ ಬರುವ ಅಧಿಸೂಚನೆಯನ್ನು ಆಕ್ಷೇಪಣೆಯ ಗಡುವಿನೊಳಗೆ ಕನ್ನಡದಲ್ಲಿ ಜನರ ಮುಂದಿಡುತ್ತೀರಾ? ಪರಿಸರ ಸಂಘಟನೆಗಳೂ ರಾಜಧಾನಿಗೆ ಮನವಿ ಕಳಿಸುವಷ್ಟೇ ಶ್ರದ್ಧೆಯಿಂದ ವಾರ್ಡ್ ಸಭೆಯ ಚಾಪೆಯ ಮೇಲೆ ಕೂರಬೇಕು. ಓದಲು, ಬರೆಯಲು, ನಕ್ಷೆ ಗುರುತಿಸಲು ಸದಸ್ಯರಿಗೆ ಹೆಗಲು ಕೊಡಬೇಕು.

ಕಾಡಿನ ಬಗ್ಗೆ ಊರು ಹೇಳುವ ಮಾತು ಬೇಕು ಎಂದಾಗಲಿ ಬೇಡ ಎಂದಾಗಲಿ ಇರಬಹುದು. ಆದರೆ ಅದು ತಿಳಿದು ಹೇಳಿದ ಮಾತಾಗಿರಬೇಕು. ತಿಳಿಸುವ ಕೆಲಸ ವಾರ್ಡಿನ ಸದಸ್ಯನದು, ತಿಳಿಸೆಂದು ಕೇಳುವ ಕೆಲಸ ವಾರ್ಡಿನದು.