ಕಾಣದವರಿಗೂ ತೆರೆದಿರಲಿ ಅಂಗಡಿಯ ಬಾಗಿಲು

ದೇವದುರ್ಗ ಸೀಮೆಯ ಸಂತೆಗಳಲ್ಲಿ ಕಣ್ಣಿಲ್ಲದವರು ವ್ಯಾಪಾರ ಮಾಡುವುದಕ್ಕೆ ಬಹಳ ತೊಡಕಿಲ್ಲ. ಜೋಳವನ್ನು ಅಂಗೈಯಲ್ಲಿ ಹಿಡಿದರೆ ಕಾಳಿನ ಗುಣ ತಿಳಿಯುತ್ತದೆ; ಬಟ್ಟೆಯ ನೇಯ್ಗೆಯನ್ನು ಬೆರಳು ಅರಿಯುತ್ತದೆ; ಬೆಲೆಯನ್ನು ಅಂಗಡಿಯವನೇ ಕೂಗಿ ಹೇಳುತ್ತಾನೆ. ಬಣ್ಣವೊಂದನ್ನು ಕೇಳಿಕೊಂಡರೆ ಸಾಕು. ಮೊಬೈಲಿನ ಹೊಸ ಸಂತೆಯಾದರೋ ಕೈ, ಕಿವಿ, ಮೂಗುಗಳನ್ನು ಬಿಟ್ಟು ಸಮಸ್ತವನ್ನೂ ಕಣ್ಣಿಗೇ ಒಪ್ಪಿಸಿದೆ. ಜಾಲಹಳ್ಳಿಯಂತಹ ಊರಿನಿಂದ ರಾಯಚೂರಿಗೆ ಹೋಗಿಬರುವ ಶ್ರಮವನ್ನು ತಪ್ಪಿಸಿ ಯಾರಿಗೆ ಹೆಚ್ಚು ಉಪಕಾರಿಯಾಗಬೇಕಿತ್ತೋ ಅವರಿಗೇ ಅದು ಬಾಗಿಲು ಮುಚ್ಚಿರುವುದು ವಿಪರ್ಯಾಸ.

ಅಂಧರು ಮೊಬೈಲನ್ನು ಬಳಸುವುದಾದರೂ ಹೇಗೆಂಬ ಸಂದೇಹ ಕೆಲವರಿಗೆ ಬಂದೀತು. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶಗಳಿವೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಗಣಕಯಂತ್ರಕ್ಕೆ ಆಸ್ಟ್ರೇಲಿಯದ ಅಂಧ ಯುವಕ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಉಚಿತವಾಗಿಯೇ ದೊರೆಯುತ್ತದೆ. ಇವು ಕನ್ನಡವನ್ನೂ ಓದಬಲ್ಲವು. ಆದರೆ ಬರೆಯದೇ ಇದ್ದುದನ್ನು ಓದುವುದೆಂತು? ಸೀರೆಯ ಚಿತ್ರಕ್ಕೆ ವಿವರಣೆ ಬರೆದಿರದಿದ್ದರೆ 'ಚಿತ್ರ' ಎಂದಷ್ಟೇ ಹೇಳಿ ಸುಮ್ಮನಾಗುತ್ತವೆ. ಗುಂಡಿಗೆ ಹೆಸರು ಕೊಟ್ಟಿರದಿದ್ದರೆ ಕೊಳ್ಳುವುದು ಯಾವುದು, ತೆಗೆದುಹಾಕುವುದು ಯಾವುದು ಎಂದು ತಿಳಿಯದು. ಪೊಟ್ಟಣದ ಮೇಲಿನ ವಿವರಗಳೂ ಅನೇಕ ವೇಳೆ ಚಿತ್ರದೊಳಗೇ ಅಡಗಿರುತ್ತವೆ. ಇಷ್ಟನ್ನೂ ದಾಟಿ ಹಣ ಸಲ್ಲಿಸುವಲ್ಲಿಗೆ ಬಂದರೆ, ಸೊಟ್ಟ ಅಕ್ಷರಗಳನ್ನು ಗುರುತಿಸಿ ತಾನು ಮನುಷ್ಯನೆಂದು ರುಜುವಾತು ಮಾಡಬೇಕು! ಒಟಿಪಿಯನ್ನು ಹುಡುಕಿ ತುಂಬುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಕೊನೆಗೆ ಫೋನನ್ನು ನೆರೆಮನೆಯವರ ಕೈಗೆ ಕೊಡುವುದೊಂದೇ ದಾರಿ. ಅಲ್ಲಿಗೆ ಬ್ಯಾಂಕಿನ ಗುಟ್ಟು, ಕೊಂಡ ಔಷಧದ ಗುಟ್ಟು ಎರಡೂ ಪರರ ಪಾಲಾಗುತ್ತವೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು (1892–1944), ಅವರ ತರುವಾಯ ಪುಟ್ಟರಾಜ ಗವಾಯಿಗಳು (1914–2010) ಅಂಧ ಮಕ್ಕಳಿಗೆ ಸಂಗೀತವನ್ನು ಧಾರೆಯೆರೆದರು. ಸ್ವತಃ ಅಂಧರಾಗಿದ್ದ ಆ ಗುರುಗಳು ಶಿಷ್ಯರಿಗೆ ಕಲಿಸಿದ್ದು ಕೈಚಾಚುವುದನ್ನಲ್ಲ, ಕಾಯಕವನ್ನು. ಹಾಡಿ, ಕಲಿಸಿ, ದುಡಿದು ತಂದ ಹಣವನ್ನು ವೆಚ್ಚ ಮಾಡುವಾಗ ಅವರು ಮತ್ತೊಬ್ಬರ ಕಣ್ಣನ್ನು ಕಾಯಬೇಕೆಂದರೆ ಆ ಕಾಯಕದ ಸ್ವಾತಂತ್ರ್ಯ ಅರ್ಧವೇ ಆಯಿತು.

ಕಾನೂನು ಇಲ್ಲವೆಂದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 46ನೆಯ ಪ್ರಕರಣ ಖಾಸಗಿ ಸೇವೆಗಳನ್ನೂ ಒಳಗೊಂಡಿದೆ. ನಿಯಮಗಳು 2017ರಲ್ಲಿ ಬಂದವು. ಕೊಟ್ಟ ಎರಡು ವರ್ಷದ ಗಡುವು 2019ಕ್ಕೇ ಮುಗಿಯಿತು. ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 2025ರ ಏಪ್ರಿಲಿನಲ್ಲಿ ಹೇಳಿತು. ಅಮೆರಿಕದಲ್ಲಿ ಅಂಧರ ಸಂಘವು 2006ರಲ್ಲಿ ಟಾರ್ಗೆಟ್ ಎಂಬ ದೊಡ್ಡ ಅಂಗಡಿಯ ಮೇಲೆ ದಾವೆ ಹೂಡಿದಾಗ, 2008ರಲ್ಲಿ ಆ ಸಂಸ್ಥೆ 60 ಲಕ್ಷ ಡಾಲರು ತೆರಲೊಪ್ಪಿ ತನ್ನ ಜಾಲತಾಣವನ್ನು ತಿದ್ದಿಕೊಳ್ಳಬೇಕಾಯಿತು. ಭಯದಿಂದ ಆದದ್ದಾದರೂ ಆದದ್ದು ಒಳ್ಳೆಯದೇ.

ಮಾಡಬೇಕಾದ ಕೆಲಸ ಅಸಾಧ್ಯವಾದುದೇನಲ್ಲ. ಪ್ರತಿ ಚಿತ್ರಕ್ಕೆ ಎರಡು ಸಾಲು, ಪ್ರತಿ ಗುಂಡಿಗೊಂದು ಹೆಸರು, ಒಟಿಪಿಗೆ ಇನ್ನಷ್ಟು ಕಾಲಾವಕಾಶ. ಅಂಗಡಿಯನ್ನು ಜನರಿಗೆ ತೆರೆಯುವ ಮುನ್ನ ಅಂಧರೊಬ್ಬರು ಯಾರ ನೆರವೂ ಇಲ್ಲದೆ ಒಂದು ಸಾಮಾನನ್ನು ಮೊದಲಿನಿಂದ ಕೊನೆಯವರೆಗೆ ಕೊಂಡು ನೋಡಬೇಕು. ಆ ಪರೀಕ್ಷೆಗೆ ಅವರಿಗೆ ತಕ್ಕ ಸಂಬಳವನ್ನೂ ಕೊಡಬೇಕು.