ದೂರದಿಂದ ಎತ್ತಿದ ದನಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸದ್ಭಕ್ತರ ಮನೆಗಳ ಮಕ್ಕಳು ವಿದ್ಯಾರ್ಜನೆಗಾಗಿ ಕಡಲಾಚೆಗೆ ಹೋಗುವುದು ಇಂದು ಹೊಸ ಸುದ್ದಿಯಲ್ಲ. ಬೀಳ್ಕೊಡುವಾಗ ಹಿರಿಯರು ಹೇಳುವ ಬುದ್ಧಿಮಾತುಗಳಲ್ಲಿ ಒಂದು ತಪ್ಪದೆ ಇರುತ್ತದೆ: "ಯಾವ ಗದ್ದಲಕ್ಕೂ ಹೋಗಬೇಡಪ್ಪಾ, ನಿನ್ನ ಓದಾಯಿತು, ನೀನಾಯಿತು." ತಾಯ್ತಂದೆಗಳ ಅಂಜಿಕೆ ಸಹಜವಾದುದೇ. ಆದರೆ ತಾಯ್ನಾಡಿನಲ್ಲಿ ನಿರಾಯುಧರ ಮೇಲೆ ಗುಂಡು ಹಾರಿ, ಅದನ್ನು ಹೇಳುವ ಬಾಯಿಗಳನ್ನೂ ಕಟ್ಟಿಹಾಕಿದಾಗ, ದೂರದಲ್ಲಿರುವ ತರುಣನು ಸುಮ್ಮನಿರಬಹುದೆ? ನಮ್ಮ ಧಾರವಾಡ ಸೀಮೆಯ ಡಾ. ನಾರಾಯಣ ಸುಬ್ಬರಾವ ಹರ್ಡೀಕರರು ಸುಮ್ಮನಿರಲಿಲ್ಲ.

1889ರಲ್ಲಿ ಜನಿಸಿದ ಹರ್ಡೀಕರರು 1913ರಲ್ಲಿ ಅಮೆರಿಕೆಗೆ ತೆರಳಿ, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಶಾಸ್ತ್ರವನ್ನು ಅಭ್ಯಸಿಸಿದರು. ಅಲ್ಲಿ ಲಾಲಾ ಲಜಪತರಾಯರ ಸಂಗವು ಅವರಿಗೆ ಲಭಿಸಿತು. ಓದು ಮುಗಿದರೂ ಊರಿಗೆ ಮರಳದೆ, 1917ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾದ ಇಂಡಿಯಾ ಹೋಮ್ ರೂಲ್ ಲೀಗಿನ ಕಾರ್ಯದಲ್ಲಿ ತೊಡಗಿದರು. 1918ರ ಜನವರಿಯಿಂದ ಆ ಸಂಸ್ಥೆಯು 'ಯಂಗ್ ಇಂಡಿಯಾ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿತು. (ಗಾಂಧೀಜಿಯವರು ನಡೆಸಿದ ಅದೇ ಹೆಸರಿನ ಪತ್ರಿಕೆ ಬೇರೆ.)

ಮರುವರ್ಷ, 1919ರ ಏಪ್ರಿಲ್ 13ರಂದು, ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ನೆರೆದಿದ್ದ ಜನರ ಮೇಲೆ ಜನರಲ್ ಡಾಯರನ ಸೈನಿಕರು 1,650 ಗುಂಡುಗಳನ್ನು ಹಾರಿಸಿದರು. ಸರಕಾರವೇ ಒಪ್ಪಿದ ಸಾವಿನ ಲೆಕ್ಕ 379. ಜನರ ಲೆಕ್ಕ ಅದಕ್ಕಿಂತ ಬಹಳ ಹೆಚ್ಚು. ಕೆಲವೇ ದಿನಗಳಲ್ಲಿ ಪಂಜಾಬದಲ್ಲಿ ಸೈನಿಕ ಕಾನೂನು ಬಂದಿತು. ಪತ್ರಿಕೆಗಳ ಕೈ ಕಟ್ಟಲ್ಪಟ್ಟಿತು. 'ಬಾಂಬೆ ಕ್ರಾನಿಕಲ್' ಸಂಪಾದಕರಾದ ಹಾರ್ನಿಮನ್ನರು ಆಂಗ್ಲರೇ ಆಗಿದ್ದರೂ ಅದೇ ತಿಂಗಳು ಗಡೀಪಾರಾದರು. ಇಂಗ್ಲೆಂಡಿನ ಸಾಮಾನ್ಯ ಜನರಿಗೆ ಪೂರ್ಣ ವಿವರ ತಿಳಿಯುವಷ್ಟರಲ್ಲಿ ಡಿಸೆಂಬರ್ ಬಂದಿತ್ತು! ನ್ಯೂಯಾರ್ಕಿನ ಒಂದು ಸಣ್ಣ ಕಚೇರಿಯ ಬೆಲೆ ತಿಳಿಯುವುದು ಇಲ್ಲಿಯೇ. ಊರಿನಲ್ಲಿ ಆಡಿದರೆ ಸೆರೆಮನೆಯಾಗುತ್ತಿದ್ದ ಮಾತನ್ನು ಅಲ್ಲಿ ಅಚ್ಚು ಹಾಕಿಸಿ ಹಂಚಬಹುದಾಗಿತ್ತು.

ಅದೇ ಅಮೆರಿಕೆಯಲ್ಲಿ ಶಸ್ತ್ರಮಾರ್ಗವನ್ನು ನಂಬಿದ ಗದರ್ ಪಕ್ಷದ ಭಾರತೀಯರೂ ಇದ್ದರು. ಅವರ ಧೈರ್ಯ ಸಣ್ಣದಲ್ಲ. ಲಾಲಾಜಿಯವರು ಮಾತ್ರ ಆ ಹಾದಿಯಿಂದ ದೂರ ಉಳಿದರು. ವ್ಯಾಖ್ಯಾನ, ಲೇಖನ, ಕರಪತ್ರಗಳಿಂದ ಪರನಾಡಿನವರ ಮನವೊಲಿಸುವುದು ನೀರಸವಾದ ಕೆಲಸ. ನನ್ನ ದೃಷ್ಟಿಯಲ್ಲಿ ಅದಕ್ಕೆ ಹೆಚ್ಚಿನ ಸ್ಥೈರ್ಯ ಬೇಕು.

ಸುರಕ್ಷಿತ ಸ್ಥಳದಲ್ಲಿ ನಿಂತು ಮಾತನಾಡುವುದು ಸುಲಭವಲ್ಲವೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಹರ್ಡೀಕರರು 1921ರಲ್ಲಿ ಮರಳಿ ಬಂದರು. 1923ರಲ್ಲಿ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯ ಸ್ವಯಂಸೇವಕರೊಡನೆ ಹೋಗಿ ಸೆರೆವಾಸ ಅನುಭವಿಸಿದರು. ಆ ವರ್ಷದ ಕೊನೆಗೆ ಕಾಕಿನಾಡಾ ಅಧಿವೇಶನದಲ್ಲಿ ಹಿಂದುಸ್ತಾನಿ ಸೇವಾದಳವು ಅವರಿಂದ ರೂಪುಗೊಂಡಿತು. ಲಾಲಾಜಿಯವರಂತೂ 1928ರಲ್ಲಿ ಲಾಹೋರಿನಲ್ಲಿ ಸೈಮನ್ ಆಯೋಗದ ವಿರುದ್ಧ ಶಾಂತಿಯುತ ಮೆರವಣಿಗೆ ನಡೆಸುವಾಗ ಪೋಲೀಸರ ಲಾಠಿ ಏಟು ತಿಂದು, ಕೆಲವೇ ವಾರಗಳಲ್ಲಿ, ನವೆಂಬರ್ 17ರಂದು, ದೇಹಬಿಟ್ಟರು.

ಈಗ ನಮ್ಮ ನೆರೆಯನ್ನೂ ನೋಡೋಣ. 1966ರಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆ ನೆಲೆಯಾದ ಮುಂಡಗೋಡವು ನಮಗೆ ದೂರವೇನಲ್ಲ. 1959ರ ಲ್ಹಾಸಾದ ಜನೋತ್ಥಾನವನ್ನು ನೆನೆದು ಅವರು ಪ್ರತಿವರ್ಷ ಮಾರ್ಚ್ 10ನ್ನು ಆಚರಿಸುತ್ತಾರೆ; ಬೆಂಗಳೂರಿನಲ್ಲಿ ಓದುವ ಅವರ ಮಕ್ಕಳೂ ಧ್ವಜ ಹಿಡಿದು ಬೀದಿಗಿಳಿಯುತ್ತಾರೆ. ಪರದೇಶದ ಹುಡುಗರಿಗೆ ಇಲ್ಲಿ ಯಾಕೆ ಈ ಉಸಾಬರಿ ಎಂದು ನಮ್ಮವರೇ ಗೊಣಗುವುದುಂಟು. ನ್ಯೂಯಾರ್ಕಿನಲ್ಲಿ ಹರ್ಡೀಕರರನ್ನು ಕಂಡವರೂ ಹೀಗೆಯೇ ಗೊಣಗಿರಬಹುದು. ಮುಂಡಗೋಡದ ಈ ಹುಡುಗರಲ್ಲಿ ಹೆಚ್ಚಿನವರು ಇಲ್ಲಿಯೇ ಹುಟ್ಟಿದವರು. ಯಾವ ನಾಡಿಗಾಗಿ ದನಿ ಎತ್ತುತ್ತಾರೋ ಆ ನಾಡನ್ನು ಕಣ್ಣಾರೆ ಕಂಡವರಲ್ಲ.