ಪೋಸ್ಟರ್ ನೋಡಿ ಮನೆ ಹಿಡೀಬೇಡಿ!

ಗೆಳೆಯರೇ, ಈ ವಾರ ಮೊದಲು ನಿಮಗೊಂದು ಪ್ರಶ್ನೆ. ನಮ್ಮ ದೇಶದಲ್ಲಿ ಮೊಟ್ಟಮೊದಲು ಸಿನಿಮಾ ತೋರಿಸಿದ್ದು ಎಲ್ಲಿ? ಯಾವುದೋ ಟಾಕೀಸಿನಲ್ಲಿ ಅಂದರೆ ಸೊನ್ನೆ ಮಾರ್ಕು! ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ, 1896ರ ಜುಲೈ 7ರಂದು. ಲೂಮಿಯೇರ್ ಸೋದರರ ತುಂಡು ಚಿತ್ರಗಳು. ಟಿಕೆಟ್ಟು ಒಂದು ರೂಪಾಯಿ.

ಆಮೇಲೆ ಆ ಹೋಟೆಲಿನ ಗತಿ ಏನಾಯ್ತು ಗೊತ್ತೇನ್ರೀ? ಹೋಟೆಲು ಮುಚ್ಚಿತು, ಕಟ್ಟಡಕ್ಕೆ ಎಸ್‌ಪ್ಲನೇಡ್ ಮ್ಯಾನ್ಶನ್ ಅಂತ ಹೆಸರಾಯ್ತು. ಒಳಗೆಲ್ಲಾ ಸಣ್ಣ ಸಣ್ಣ ಕೋಣೆ ಮಾಡಿ ಮನೆ, ಆಫೀಸು, ಅಂಗಡಿ ಅಂತ ಬಾಡಿಗೆಗೆ ಬಿಟ್ಟರು. 2005ರಲ್ಲಿ ಬಾಲ್ಕನಿಯ ಒಂದು ಭಾಗ ಕುಸಿದು ಒಂದು ಜೀವ ಹೋಯ್ತು. ಕೊನೆಗೆ 2019ರಲ್ಲಿ ಹೈಕೋರ್ಟು ಹೇಳಿದ ಮೇಲೆ ಒಳಗಿದ್ದವರನ್ನೆಲ್ಲಾ ಖಾಲಿ ಮಾಡಿಸಿದರು. ಅಷ್ಟು ದೊಡ್ಡ ಹೆಸರಿನ ಕಟ್ಟಡದ ಪಾಡೇ ಹೀಗಾದರೆ, ಹೆಸರೇ ಇಲ್ಲದ ಹಳೇ ಕಟ್ಟಡಗಳ ಮಾತೇನು?

ಇದು ನೆನಪಾಗಿದ್ದು ಹೋದ ತಿಂಗಳು ಬಂದ ಒಂದು ಫೋನಿನಿಂದ. ಹುಬ್ಬಳ್ಳಿಯ ಹುಡುಗ, ನಮ್ಮ ಪುಟದ ಹಳೇ ಓದುಗ. ಮುಂಬಯಿಯ ಡಬ್ಬಿಂಗ್ ಸ್ಟುಡಿಯೋ ಒಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದಾನೆ.

“ಅಣ್ಣಾ, ಗಿರಗಾಂವ್‌ದಾಗ ರೂಮ್ ಸಿಕ್ಕೈತಿ! ಬಾಡಿಗಿ ಭಾಳ ಕಮ್ಮಿ. ನಾಳೆ ಡಿಪಾಜಿಟ್ ಕೊಡಾಕತ್ತೇನಿ.”

“ಕಟ್ಟಡ ಎಷ್ಟು ಹಳೇದಪ್ಪಾ?”

“ಹಳೇ ಸಿನಿಮಾ ಸೆಟ್ ಇದ್ದಂಗ ಐತಿ ನೋಡಣ್ಣಾ. ಕಟಗೀ ಮೆಟ್ಲಾ!”

ನನ್ನ ಎದೆ ಧಸಕ್ಕೆಂದಿತು. ಯಾಕೆ ಅಂದರೆ ಆರು ವರ್ಷದ ಹಿಂದೆ ನಾನೂ ಹೀಗೇ ಕುಣಿದವನು. ಪಿಯುಸಿ ಅರ್ಧಕ್ಕೇ ಬಿಟ್ಟು, ಪತ್ರಿಕೆಗಳಿಗೆ ಬಿಡಿ ಸುದ್ದಿ ಬರೀತಾ ಇದ್ದ ಕಾಲ. ಅದೇ ಮುಂಬಯಿಯಲ್ಲಿ ಒಂದು ಹಳೇ ಕಟ್ಟಡದ ಮೂರನೇ ಮಹಡಿ. ಹೊಸಾ ಸುಣ್ಣ, ಕಿಟಕಿಯಲ್ಲಿ ಗಾಳಿ... ಇನ್ನೇನು ಬೇಕು? ಕೂಡಿಟ್ಟ ದುಡ್ಡೆಲ್ಲಾ ದಲ್ಲಾಳಿ ಕೈಗೆ ಹಾಕಿದೆ. ಮಳೆ ಶುರುವಾದ ವಾರಕ್ಕೇ ಗೇಟಿಗೆ ನೋಟೀಸು! ಅಪಾಯ, ಖಾಲಿ ಮಾಡಿ ಅಂತ. ಸೂಟ್‌ಕೇಸು ಹಿಡಿದು ನೆನೀತಾ ರಸ್ತೆಗೆ ಬಂದೆ. ದಲ್ಲಾಳಿ ಫೋನ್ ಎತ್ತಲಿಲ್ಲ. ಡಿಪಾಜಿಟ್ಟು ಇವತ್ತಿಗೂ ಬಂದಿಲ್ಲ. 1977ರ ‘ಘರೌಂದಾ’ ಚಿತ್ರದಲ್ಲಿ ಬಿಲ್ಡರ್ ಕೈಗೆ ದುಡ್ಡು ಕೊಟ್ಟು ಕಳಕೊಳ್ಳುವ ಅಮೋಲ್ ಪಾಲೇಕರ್ ಮುಖ ನೋಡಿದೀರಲ್ಲಾ, ಥೇಟ್ ಅದೇ ಮುಖ ನಂದು!

ಅದಕ್ಕೇ ಹುಡುಗನಿಗೆ ಹೇಳಿದೆ: “ದುಡ್ಡು ಜೇಬಲ್ಲೇ ಇರಲಿ. ಮೊದಲು ನಾಲ್ಕು ವಿಷಯ ವಿಚಾರಿಸು.” ನಿಮಗೂ ಅದನ್ನೇ ಹೇಳ್ತೀನಿ.

ಒಂದು, ಕಟ್ಟಡದ ವಯಸ್ಸು. ಗಿರಗಾಂವ್, ಡೋಂಗ್ರಿ, ಪರೇಲ್ ಇರುವ ಹಳೇ ಮುಂಬಯಿ ಭಾಗದಲ್ಲಿ 1969ರ ಸೆಪ್ಟೆಂಬರ್ 30ಕ್ಕಿಂತ ಮುಂಚೆ ಕಟ್ಟಿದ ಸಾವಿರಾರು ಕಟ್ಟಡಗಳು ‘ಸೆಸ್’ ಎಂಬ ತೆರಿಗೆ ಕಟ್ಟುತ್ತವೆ. ಅವುಗಳ ರಿಪೇರಿ ಜವಾಬ್ದಾರಿ ಮ್ಹಾಡಾ ಎಂಬ ಸರ್ಕಾರಿ ಸಂಸ್ಥೆಯ ರಿಪೇರಿ ಮಂಡಳಿಯದು. ಮಳೆಗಾಲಕ್ಕೆ ಮುಂಚೆ ಅದು ಅತಿ ಅಪಾಯದ ಕಟ್ಟಡಗಳ ಪಟ್ಟಿ ಹೊರಡಿಸುತ್ತದೆ. ಮಹಾನಗರಪಾಲಿಕೆಯೂ ಬೇರೆ ಪಟ್ಟಿ ಮಾಡುತ್ತದೆ. ಅದರಲ್ಲಿ ‘ಸಿ-1’ ಅಂತಿದ್ದರೆ ಖಾಲಿ ಮಾಡಿ ಕೆಡವಬೇಕಾದ ಕಟ್ಟಡ ಅಂತ ಅರ್ಥ. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಎಂಜಿನಿಯರ್ ತಪಾಸಣೆ ಆಗಿರಬೇಕು ಅಂತ ಕಾನೂನೇ ಇದೆ. ಆ ವರದಿ ತೋರಿಸಿ ಅಂತ ಕೇಳಿ. ಕೇಳೋಕೆ ನಾಚಿಕೆ ಯಾಕೆ? ಭೇಂಡಿ ಬಜಾರಿನಲ್ಲಿ 2011ರಲ್ಲೇ ಅಪಾಯ ಅಂತ ಹೇಳಿದ್ದ ಕಟ್ಟಡವೊಂದು 2017ರ ಆಗಸ್ಟ್ 31ರಂದು ಬಿತ್ತು. 33 ಜನ ಸತ್ತರು.

ಎರಡು, ನೀವಿರೋ ಮಹಡಿ ಬಿಟ್ಟು ನೆಲಮಹಡಿ ನೋಡಿ. ಕೆಳಗೆ ಅಂಗಡಿಯೋ ಆಸ್ಪತ್ರೆಯೋ ಇದ್ದು ಗೋಡೆ ಒಡೀತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. 2017ರ ಜುಲೈ 25ರಂದು ಘಾಟ್‌ಕೋಪರ್‌ನಲ್ಲಿ ಒಂದು ಕಟ್ಟಡ ಬಿದ್ದು 17 ಜನ ಹೋದರು. ಕೆಳಗಡೆ ನರ್ಸಿಂಗ್ ಹೋಮ್ ಜಾಗದಲ್ಲಿ ರಿಪೇರಿ ನಡೆದಿತ್ತು, ಕಂಬಕ್ಕೇ ಕೈ ಹಾಕಿದ್ದರು ಅಂತ ಕೇಸಾಯ್ತು. ಮೆಟ್ಟಿಲ ಕೆಳಗೆ ಆಸರೆಗೆ ಕೊಟ್ಟ ಕಂಬ, ಸಿಮೆಂಟು ಉದುರಿ ಇಣುಕೋ ತುಕ್ಕು ಸರಳು, ಗೋಡೆ ಸೀಳಿ ಬೆಳೆದ ಅರಳಿ ಗಿಡ... ಇವನ್ನು ಸುಣ್ಣ ಮುಚ್ಚೋದಿಲ್ಲ.

ಮೂರು, ಮನೆ ಯಾರದು? ಹಳೇ ಮುಂಬಯಿಯಲ್ಲಿ ‘ಪಗಡಿ’ ಅಂತ ಪದ್ಧತಿ ಇದೆ. ಒಮ್ಮೆಗೇ ದೊಡ್ಡ ಮೊತ್ತ ಕೊಟ್ಟು, ತಿಂಗಳಿಗೆ ಅಲ್ಪ ಬಾಡಿಗೆಯಲ್ಲಿ ತಲೆಮಾರುಗಟ್ಟಲೆ ಇರುವವರು. ಅವರು ಬಾಡಿಗೆದಾರರೇ ಹೊರತು ಮಾಲೀಕರಲ್ಲ. ಮಾಲೀಕನ ಒಪ್ಪಿಗೆ ಇಲ್ಲದೆ ಅವರು ನಿಮಗೆ ಕೊಟ್ಟರೆ ನಿಮ್ಮ ಕಾಲ ಕೆಳಗೆ ನೆಲವೇ ಇಲ್ಲ ಅನ್ಕೊಳ್ಳಿ.

ನಾಲ್ಕು, ಕಾಗದ. ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರು ಬರವಣಿಗೆಯಲ್ಲಿರಬೇಕು, ರಿಜಿಸ್ಟರ್ ಆಗಬೇಕು. ಮಾಡಿಸೋ ಜವಾಬ್ದಾರಿ ಮನೆ ಕೊಡುವವನದು. ಕೊಟ್ಟ ಡಿಪಾಜಿಟ್ಟು ಪೂರಾ ಅದರಲ್ಲಿ ನಮೂದಾಗಲಿ. “ಯಾಕೆ ಬಿಡಪ್ಪಾ ಅದೆಲ್ಲಾ” ಅಂದರೆ ನೀವೂ “ಯಾಕೆ ಬಿಡಿ ಸಾರ್ ಈ ಮನೆ” ಅನ್ನಿ!

ಕೊನೆಗೆ, ಸಂಜೆ ಹೊತ್ತು ಒಬ್ಬರೇ ಹೋಗಿ ಎದುರಿನ ಟೀ ಅಂಗಡಿಯಲ್ಲಿ ಕೂತ್ಕೊಳ್ಳಿ. ನೀರು ಎಷ್ಟು ಹೊತ್ತಿಗೆ ಬರುತ್ತೆ, ಮಳೆಗೆ ಸೋರುತ್ತಾ, ನೋಟೀಸು ಬಂದಿತ್ತಾ... ದಲ್ಲಾಳಿ ಬಾಯಿ ಬಿಡದ್ದನ್ನು ಟೀ ಅಂಗಡಿಯವನು ಹೇಳ್ತಾನೆ.

ಹುಡುಗ ಹೋಗಿ ಟೀ ಕುಡಿದ. ಎರಡನೇ ಮಹಡಿಗೆ ಆಸರೆ ಕಂಬ ಕೊಟ್ಟು ಅದಕ್ಕೂ ಬಣ್ಣ ಬಳಿದಿದ್ದರಂತೆ. ಮೇಲಿನ ಮನೆಯ ಅಜ್ಜಿ, “ನಾವು ಬೇರೆ ಗತಿಯಿಲ್ಲದೆ ಇದೀವಿ ಮಗಾ, ನೀನ್ಯಾಕೆ ಬರ್ತೀಯಾ?” ಅಂತ ಹಿಂದಿಯಲ್ಲಿ ಕೇಳಿದರಂತೆ. ಡಿಪಾಜಿಟ್ಟು ಉಳೀತು. ಈಗ ಡೊಂಬಿವಿಲಿಯಲ್ಲಿ ಮೂವರ ಜತೆ ಒಂದು ರೂಮು ಹಿಡಿದಿದಾನೆ.

“ಲೋಕಲ್ ಟ್ರೇನಿನ್ಯಾಗ ನಿಂತು ನಿಂತು ಕಾಲು ನೂಯಾಕತ್ತಾವಣ್ಣಾ” ಅಂತ ಮೊನ್ನೆ ಗೊಣಗಿದ.

“ನೋಯಲಿ ಬಿಡೋ, ರಾತ್ರಿ ನಿದ್ದೆ ಬರುತ್ತಲ್ಲಾ?” ಅಂದೆ.

“ಗೊರಕಿ ಹೊಡ್ಯಾಕತ್ತೇನಿ” ಅಂದ. ನನಗೂ ಅಷ್ಟು ಸಾಕಾಯ್ತು.

ಆದರೆ ಆ ಅಜ್ಜಿ ಇನ್ನೂ ಅಲ್ಲೇ ಇದಾರಂತೆ. ಮಳೆಗಾಲ ಮತ್ತೆ ಬರ್ತಾ ಇದೆ, ಗೆಳೆಯರೇ.